ಬಿಲ್ಲಿಗೆ ಹೆದೆಯೇರಿಸುವ ಬಗೆ

ಮಿಥಿಲೆಯಲ್ಲಿ ಶಿವಧನುಸ್ಸು ಮುರಿದ ಕಥೆಯನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಅದು ಮುರಿದದ್ದು ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಬಹುಮಂದಿ ತಡವರಿಸುತ್ತಾರೆ. ರಾಮನು ಬಾಣವನ್ನು ಹೂಡಿಯೇ ಇರಲಿಲ್ಲ, ಗುರಿಯೆಂಬುದೂ ಅಲ್ಲಿರಲಿಲ್ಲ. ಜನಕನು ಒಡ್ಡಿದ ಪಣವು ಬಿಲ್ಲಿಗೆ ಹೆದೆಯೇರಿಸುವುದಷ್ಟೆ. ಹೆದೆಯನ್ನೇರಿಸಿ ಸೆಳೆಯುವಷ್ಟರಲ್ಲಿ ಧನುಸ್ಸು ನಡುವೆ ಎರಡಾಯಿತೆಂದು ವಾಲ್ಮೀಕಿಗಳು ಹೇಳುತ್ತಾರೆ. ದ್ರುಪದನ ಸಭೆಯಲ್ಲಿಯೂ ಯಂತ್ರವನ್ನು ಭೇದಿಸುವ ಮಾತು ಆಮೇಲಿನದು. ಮೊದಲು ಆ ಗಡುಸು ಬಿಲ್ಲನ್ನು ಬಗ್ಗಿಸಿ ಹೆದೆಯನ್ನು ತುದಿಗೆ ಸಿಕ್ಕಿಸಬೇಕಾಗಿತ್ತು. ಹಾಗೆ ಮಾಡಹೋದ ಅರಸರನ್ನು ಬಿಲ್ಲು ಸಿಡಿದು ನೆಲಕ್ಕೆ ಕೆಡವಿತೆಂದೂ, ಅವರ ಕಿರೀಟ ಹಾರಗಳು ಚೆದರಿದುವೆಂದೂ ವ್ಯಾಸಭಾರತವು ವರ್ಣಿಸುತ್ತದೆ.

ಇದನ್ನು ಕವಿಗಳ ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಸುಲಭ. ಬಿಲ್ಲನ್ನು ಬಗ್ಗಿಸಿ ನೋಡಿದವರು ಮಾತ್ರ ಹಾಗೆ ತಳ್ಳಿಹಾಕಲಾರರು. ಬಿಲ್ಲುಗಾರಿಕೆಯಲ್ಲಿ ಬಿಲ್ಲುಗಾರನ ಕಣ್ಣಿಗೂ ಮುಖಕ್ಕೂ ಬಿಲ್ಲಿಗೂ ಅತ್ಯಂತ ಗಂಡಾಂತರದ ಗಳಿಗೆ ಯಾವುದೆಂದರೆ ಹೆದೆಯೇರಿಸುವ ಆ ಅರ್ಧ ನಿಮಿಷವೇ. ಗ್ರೀಕರ ಮಹಾಕವಿ ಹೋಮರನಿಗೂ ಇದು ತಿಳಿದಿತ್ತು. ಒಡಿಸ್ಸಿಯಸನ ಬಿಲ್ಲನ್ನು ಬೆಂಕಿಗೆ ಕಾಸಿ, ಕೊಬ್ಬು ಸವರಿ, ಏನು ಮಾಡಿದರೂ ಅವನ ಹೆಂಡತಿಯನ್ನು ವರಿಸಬಂದವರಿಗೆ ಹೆದೆಯೇರಿಸಲಾಗಲಿಲ್ಲ. ಒಡೆಯನು ಬಂದು ನಿರಾಯಾಸವಾಗಿ ಏರಿಸಿದನು. ಬಲವಿದ್ದೂ ಬಗೆ ತಿಳಿಯದಿದ್ದರೆ ಆಗುವುದು ಇಷ್ಟೆ.

ಈಗ ಕೆಲವು ಶಬ್ದಗಳನ್ನು ಹೊಂದಿಸಿಕೊಳ್ಳೋಣ. ಹೆದೆಗೆ ನಮ್ಮಲ್ಲಿ ನಾಣು, ತಿರು ಎಂಬ ಹೆಸರುಗಳೂ ಉಂಟು. ಬಿಲ್ಲಿನ ತುದಿಯಲ್ಲಿ ಹೆದೆಯ ಕುಣಿಕೆಯನ್ನು ಸಿಕ್ಕಿಸುವ ಕಚ್ಚಿಗೆ ಕೊಪ್ಪು ಎನ್ನುತ್ತಾರೆ. ಹಿಡಿಯಿಂದ ಮೇಲಕ್ಕೂ ಕೆಳಕ್ಕೂ ಚಾಚಿದ ಎರಡು ಭಾಗಗಳನ್ನು ತೋಳುಗಳೆಂದು ಕರೆಯೋಣ. ಬಾಣ ಬಿಡುವಾಗ ಬಿಲ್ಲುಗಾರನ ಕಡೆಗಿರುವ ಮೈ ಬಿಲ್ಲಿನ ಹೊಟ್ಟೆ. ಗುರಿಯ ಕಡೆಗಿರುವುದು ಬೆನ್ನು. ಹಳಗನ್ನಡದಲ್ಲಿ ಬರುವ ಸಿಂಗಾಡಿಯೆಂಬ ಮಾತು ಕೊಂಬಿನ ಬಿಲ್ಲಿನದು. ಸಂಸ್ಕೃತದ ಶಾರ್ಙ್ಗವೂ ಅದೇ. ಕೌಟಿಲ್ಯನು ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಮೂಲದ್ರವ್ಯಗಳನ್ನು ಹೇಳಿ, ನಾಣಿಗೆ ಬೇಕಾದ ಮೂರ್ವೆ, ಎಕ್ಕ, ಸಣಬು, ಬಿದಿರು, ನರ ಮೊದಲಾದವನ್ನು ಬೇರೆಯಾಗಿ ಎಣಿಸುತ್ತಾನೆ. ಮರೆತುಹೋಗಿದ್ದ ಆ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಕಂಡು ೧೯೦೯ರಲ್ಲಿ ಅಚ್ಚುಮಾಡಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದನ್ನು ಇಲ್ಲಿ ನೆನೆಯದಿರುವುದು ಹೇಗೆ?

ಕಲ್ಲಿನಲ್ಲಿ ಬಿಲ್ಲನ್ನು ನೋಡಬೇಕೆನ್ನುವವರು ಹಾನಗಲ್ಲು ಹಿರೇಕೆರೂರುಗಳ ಸೀಮೆಗೆ, ಇಂದಿನ ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ಕಡೆಗೆ ಹೋಗಬೇಕು. ಅದು ವೀರಗಲ್ಲುಗಳ ನಾಡು. ತುರುಗಳನ್ನು ಹೊಡೆದುಕೊಂಡು ಹೋಗುವವರು, ಅವರನ್ನು ಅಡ್ಡಗಟ್ಟಿದ ಊರಿನ ವೀರ, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಅದಕ್ಕೂ ಮೇಲೆ ಶಿವಸನ್ನಿಧಿ: ಇದು ನಮ್ಮ ವೀರಗಲ್ಲುಗಳ ಸಾಮಾನ್ಯವಾದ ಏರ್ಪಾಡು. ಕೆಳಗಿನ ಪಟ್ಟಿಕೆಗಳಲ್ಲಿ ಬಿಲ್ಲು ಮತ್ತೆ ಮತ್ತೆ ಕಾಣುತ್ತದೆ. ೧೧೯೬ರಲ್ಲಿ ಹೊಯ್ಸಳ ವೀರಬಲ್ಲಾಳನು ಕದಂಬ ಕಾಮದೇವನ ಹಾನಗಲ್ಲನ್ನು ಮುತ್ತಿದಂಥ ದೊಡ್ಡ ಕಾಳಗಗಳನ್ನೂ ಈ ಸೀಮೆ ಕಂಡಿದೆ; ಆದರೆ ಈ ಕಲ್ಲುಗಳಲ್ಲಿ ಅನೇಕವು ದನಕರುಗಳಿಗಾಗಿ ಹೋರಾಡಿ ಮಡಿದ ಹಳ್ಳಿಗರವು. ನಮ್ಮ ಮನಸ್ಸು ಹೋಗುವುದು ಅಂಥವನ ಕಡೆಗೆ. ಕೆಲಸವಿಲ್ಲದ ಬಿಲ್ಲಿಗೆ ಹೆದೆಯನ್ನು ಬಿಗಿದೇ ಇಡುವ ವಾಡಿಕೆಯಿಲ್ಲ. ಹಾಗಿಟ್ಟರೆ ಅದು ಸೋಲುತ್ತದೆ. ಎಂದಮೇಲೆ ಬೊಬ್ಬೆ ಕೇಳಿ ಎದ್ದವನು ಓಡುವುದಕ್ಕೆ ಮುನ್ನ ಮಾಡಬೇಕಾಗಿದ್ದ ಕೆಲಸ ಹೆದೆಯೇರಿಸುವುದು, ಅದೂ ಕತ್ತಲೆಯಲ್ಲಿರಬಹುದು, ಕೈ ನಡುಗುತ್ತಿರಬಹುದು. ಶಿಲ್ಪಿಯು ನಮಗೆ ತೋರಿಸುವುದು ಬಹುಮಟ್ಟಿಗೆ ಸೆಳೆದ ಬಿಲ್ಲನ್ನು. ಅದಕ್ಕೆ ಮೊದಲಿನ ಗಳಿಗೆಯನ್ನು ನಾವೇ ಊಹಿಸಿಕೊಳ್ಳಬೇಕು.

ಅದೇ ನಾಡನ್ನಾಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿದ್ಯೆಯನ್ನು ಅರಸರ ವಿನೋದಗಳಲ್ಲೊಂದಾಗಿ ಎಣಿಸಿದನು. ಇಂದು ಬಿಲ್ಲುಗಾರಿಕೆಯು ನಗರದ ಮಕ್ಕಳ ವಿನೋದವಾಗಿ ತಿರುಗಿ ಬಂದಿದೆ. ಹಳೆಯ ಮಾದರಿಯ ಡೊಂಕು ತುದಿಯ ಬಿಲ್ಲುಗಳನ್ನು ಈಗ ಮರ ಮತ್ತು ಫೈಬರ್‌ಗ್ಲಾಸಿನ ಪದರಗಳಿಂದ ಮಾಡಿ ಮಾರುತ್ತಾರೆ. ಕೊಂಡವನಿಗೆ ಅಂಬು ಬಿಡುವುದನ್ನು ಕಲಿಸುವವರು ಸಿಕ್ಕುತ್ತಾರೆ. ಹೆದೆಯೇರಿಸುವುದನ್ನು ಬಹುಮಂದಿ ಮನೆಯಲ್ಲಿ ತಾವೇ ಪ್ರಯತ್ನಿಸುತ್ತಾರೆ. ಆದಕಾರಣ ಈ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕೆಂದು ನಮಗೆ ತೋರಿತು.

ನೇರವಾದ ಬಿದಿರ ಬಿಲ್ಲಿಗೂ ಡೊಂಕು ತುದಿಯ ಬಿಲ್ಲಿಗೂ ಇರುವ ಭೇದವನ್ನು ಮೊದಲು ತಿಳಿಯತಕ್ಕದ್ದು. ಬಿದಿರ ಬಿಲ್ಲು ಹೆದೆಯಿಲ್ಲದಾಗ ಕೋಲು. ಅದನ್ನು ಕೊಂಚ ಬಗ್ಗಿಸಿದರೆ ಹೆದೆ ಕೂರುತ್ತದೆ. ಡೊಂಕು ತುದಿಯ ಬಿಲ್ಲಿನ ತುದಿಗಳು ಬೆನ್ನಿನ ಕಡೆಗೆ, ಎಂದರೆ ಬಿಲ್ಲುಗಾರನಿಂದ ಆಚೆಗೆ, ಬಾಗಿರುತ್ತವೆ. ಕೊಂಬು, ಮರ, ನರಗಳನ್ನು ಅಂಟಿನಿಂದ ಕೂಡಿಸಿದ ಹಳೆಯ ಬಿಲ್ಲುಗಳಲ್ಲಂತೂ ಹೆದೆ ಬಿಚ್ಚಿದೊಡನೆ ಇಡೀ ಬಿಲ್ಲೇ ಹಿಂದುಮುಂದಾಗಿ ಸುರುಳಿಗೊಳ್ಳುವುದುಂಟು. ಇಂಥದನ್ನು ಅದರ ಸ್ವಭಾವಕ್ಕೆ ವಿರುದ್ಧವಾಗಿ ಬಗ್ಗಿಸಿದ ಮೇಲೆಯೇ ಹೆದೆಯೇರುತ್ತದೆ. ಸೆಳೆಯುವುದಕ್ಕೆ ಮೊದಲೇ ಅದರಲ್ಲಿ ಬಿಗಿ ತುಂಬಿರುವುದರಿಂದ, ಗಿಡ್ಡದಾಗಿದ್ದರೂ ಅಂಬನ್ನು ವೇಗವಾಗಿ ಅಟ್ಟುತ್ತದೆ. ಕುದುರೆಯ ಮೇಲೆ ಕುಳಿತು ಎಸೆಯುವವರಿಗೆ ಇದು ಪ್ರಿಯವಾದದ್ದು ಇದರಿಂದಲೇ. ಬಾಣಕ್ಕೆ ವೇಗ ಕೊಡುವ ಆ ಬಾಗೇ ಹೆದೆಯೇರಿಸುವವನಿಗೆ ತೊಡಕು. ತುದಿಯು ಕೈಯಲ್ಲಿ ಹೊರಳುತ್ತದೆ, ತೋಳು ಪಕ್ಕಕ್ಕೆ ತಿರುಚುತ್ತದೆ, ಕುಣಿಕೆ ಜಾರುತ್ತದೆ.

ಜಾರಿದರೆ ಏನಾಗುತ್ತದೆ? ನಲವತ್ತು ಪೌಂಡಿನ ಬಿಲ್ಲನ್ನು ಇಪ್ಪತ್ತೆಂಟು ಅಂಗುಲದವರೆಗೆ ಸೆಳೆದಾಗ ಅದರಲ್ಲಿ ಅಡಗುವ ಶಕ್ತಿಯು ಸುಮಾರು ೪೫ ಜೌಲು. ನಾಲ್ಕೂವರೆ ಕಿಲೋಗ್ರಾಮಿನ ಗುಂಡುಕಲ್ಲು ಒಂದು ಮೀಟರು ಎತ್ತರದಿಂದ ಬಿದ್ದಷ್ಟು. ಹೆದೆಯೇರಿಸುವಾಗ ಇದಕ್ಕಿಂತ ಕಡಿಮೆಯೇ ಇರುತ್ತದೆ, ನಿಜ. ಆದರೆ ಆ ಶಕ್ತಿಯನ್ನು ಹೊತ್ತೊಯ್ಯುವುದಕ್ಕೆ ಅಲ್ಲಿ ಬಾಣವಿರುವುದಿಲ್ಲ. ಅದೆಲ್ಲವೂ ಬೆರಳಗಲದ ಒಂದು ತುದಿಯಲ್ಲಿ ಸಿಡಿಯುತ್ತದೆ, ಆ ತುದಿಯ ಮೇಲೆ ಬಗ್ಗಿ ನೋಡುತ್ತಿರುವುದು ನಮ್ಮ ಮುಖ.

ಕೆಲಸಕ್ಕೆ ಕೈಹಾಕುವ ಮುನ್ನ ಬಿಲ್ಲನ್ನು ಬೆಳಕಿನಲ್ಲಿ ಹಿಡಿದು ನೋಡಬೇಕು. ತೋಳುಗಳ ಮೇಲೆ ಬಿರುಕು, ಪದರ ಬಿಟ್ಟ ಗೆರೆ, ತಿರುಚು ಇವೆಯೆ ಎಂದು ಬೆರಳಿನಿಂದ ಸವರಿ ಪರೀಕ್ಷಿಸಬೇಕು. ನಾಣಿನ ಎಳೆ ಹರಿದಿದ್ದರೆ, ಕುಣಿಕೆ ಸವೆದಿದ್ದರೆ ಬೇರೆ ನಾಣನ್ನು ತರತಕ್ಕದ್ದು. ಹಳೆಯ ಮಾದರಿಯ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡೇಕ್ರಾನಿನ ನಾಣು ಒಳ್ಳೆಯದು. ಹಿಗ್ಗದ ಹೊಸ ನೂಲುಗಳ ಪೆಟ್ಟನ್ನು ಎಲ್ಲ ಬಿಲ್ಲುಗಳ ತುದಿಗಳೂ ತಾಳಲಾರವು. ಆಮೇಲೆ ಹೊಟ್ಟೆ ಯಾವುದು, ಬೆನ್ನು ಯಾವುದು ಎಂದು ನಿಶ್ಚಯಿಸಿಕೊಳ್ಳಬೇಕು. ಇದನ್ನು ಹೇಳಬೇಕೆ ಎಂದು ನಗಬೇಡಿ. ಹೆದೆಯಿಲ್ಲದ ಡೊಂಕುಬಿಲ್ಲನ್ನು ಕಂಡವನಿಗೆ ಅದು ಈಗಾಗಲೇ ಬಾಗಿರುವ ಕಡೆಗೆ ಇನ್ನಷ್ಟು ಬಗ್ಗಿಸಬೇಕೆಂದು ತೋರುವುದು ಸಹಜ. ಹಾಗೆ ತಲೆಕೆಳಗಾಗಿ ಬಗ್ಗಿಸಿದರೆ ಬಿಲ್ಲು ಮುರಿಯುತ್ತದೆ. ಹೆದೆಯೇರಿಸಿದ ಮೇಲೆ ಡೊಂಕು ತುದಿಗಳು ಗುರಿಯ ಕಡೆಗೆ ನೋಡುತ್ತಿರಬೇಕೆಂಬುದನ್ನು ನೆನಪಿಟ್ಟರೆ ಸಾಕು.

ಎಲ್ಲ ವಿಧಾನಗಳಲ್ಲಿಯೂ ನಾವು ಮೊದಲ ಸ್ಥಾನ ಕೊಡುವುದು ಸಹಾಯದ ಹಗ್ಗಕ್ಕೆ. ಬಿಲ್ಲಿಗಿಂತ ಉದ್ದವಾದ ಗಟ್ಟಿ ಹಗ್ಗ. ಅದರ ಎರಡು ಕೊನೆಗಳಲ್ಲಿಯೂ ಬಿಲ್ಲಿನ ತುದಿ ಕೂರುವಂತಹ ಚರ್ಮದ ಚೀಲಗಳು. ಕೆಲವಕ್ಕೆ ಮೇಲ್ತೋಳಿನ ಕಡೆ ಚೀಲದ ಬದಲು ತೋಳನ್ನಪ್ಪುವ ರಬ್ಬರಿನ ತುಂಡಿರುತ್ತದೆ. ನಾಣಿನ ದೊಡ್ಡ ಕುಣಿಕೆಯನ್ನು ಮೇಲ್ತೋಳಿನ ಮೇಲೆ ಕೆಳಕ್ಕೆ ಸರಿಸಿ, ಸಣ್ಣ ಕುಣಿಕೆಯನ್ನು ಕೆಳಗಿನ ಕೊಪ್ಪಿಗೆ ಸಿಕ್ಕಿಸಿ, ಹಗ್ಗದ ಚೀಲಗಳನ್ನು ತೊಡಿಸಬೇಕು. ಬಿಲ್ಲನ್ನು ಅಡ್ಡಲಾಗಿ, ಬೆನ್ನು ಮೇಲಾಗಿ ಹೊಟ್ಟೆ ನೆಲದ ಕಡೆಗಾಗಿ ಹಿಡಿದು, ಜೋತುಬಿದ್ದ ಹಗ್ಗದ ನಡುವನ್ನು ಪಾದದಿಂದ ಭದ್ರವಾಗಿ ಮೆಟ್ಟಬೇಕು. ಜಾರುವ ಚಪ್ಪಲಿ ಕೂಡದು. ಬಳಿಕ ಒಂದು ಕೈಯಿಂದ ಹಿಡಿಯನ್ನು ನೆಟ್ಟಗೆ ಮೇಲಕ್ಕೆತ್ತಿದರೆ ಎರಡು ತೋಳುಗಳೂ ಸಮನಾಗಿ ಬಗ್ಗುತ್ತವೆ. ಇನ್ನೊಂದು ಕೈ ಕುಣಿಕೆಯನ್ನು ಕೊಪ್ಪಿನವರೆಗೆ ಸರಿಸುತ್ತದೆ. ಬೆರಳು ನಾಣಿಗೂ ತೋಳಿಗೂ ನಡುವೆ ಹೋಗಬಾರದು. ಕುಣಿಕೆ ಕೂತಿತೆಂದು ತೋರಿದೊಡನೆ ಬಿಲ್ಲನ್ನು ಬಿಟ್ಟುಬಿಡದೆ ಎರಡು ಕೊಪ್ಪುಗಳನ್ನೂ ಕಣ್ಣಿನಿಂದ ನೋಡಿ, ಮೆಲ್ಲಮೆಲ್ಲನೆ ಇಳಿಸಿ, ಭಾರವೆಲ್ಲ ನಾಣಿನ ಮೇಲೆ ಬಿದ್ದ ಮೇಲೆಯೇ ಹಗ್ಗವನ್ನು ತೆಗೆಯತಕ್ಕದ್ದು. ಇದರಲ್ಲಿ ತೋಳು ತಿರುಚುವುದಿಲ್ಲ, ಮುಖವು ತುದಿಗಳಿಂದ ದೂರವಿರುತ್ತದೆ.

ಹಗ್ಗವಿಲ್ಲದೆ ಕಾಲು ದಾಟಿಸಿ ಏರಿಸುವ ಪದ್ಧತಿಯೂ ಬಹಳ ಬಳಕೆಯಲ್ಲಿದೆ. ಬಿಲ್ಲಿಗೂ ನಾಣಿಗೂ ನಡುವೆ ಬಲಗಾಲನ್ನಿಟ್ಟು, ಕೆಳತುದಿಯ ಡೊಂಕನ್ನು ಎಡಪಾದದ ಮುಂಗಣಕಾಲಿಗೆ ಆನಿಸಿ, ಹಿಡಿಯನ್ನು ಬಲತೊಡೆಯ ಹಿಂಬದಿಗೆ ಒತ್ತಿಟ್ಟು, ಮೇಲ್ತೋಳನ್ನು ಮುಂದಕ್ಕೆ ಬಗ್ಗಿಸುತ್ತಾರೆ. ನುರಿತವನ ಕೈಯಲ್ಲಿ ಇದು ಕ್ಷಣದ ಕೆಲಸ. ಹೊಸಬನು ಕೈಯನ್ನು ನೇರವಾಗಿ ಒಯ್ಯದೆ ಓರೆಯಾಗಿ ಎಳೆದರೆ ತೋಳು ತಿರುಚಿಹೋಗುತ್ತದೆ, ತಿರುಚಿದ್ದು ಸುಲಭವಾಗಿ ನೆಟ್ಟಗಾಗದು. ಕೆಳತುದಿಯನ್ನು ಪಾದದ ಒಳಬದಿಗೆ ಒತ್ತಿಟ್ಟು, ಒಂದು ಕೈಯಿಂದ ಹಿಡಿಯನ್ನು ಸೆಳೆಯುತ್ತ ಇನ್ನೊಂದರಿಂದ ಮೇಲ್ತೋಳನ್ನು ದೂಡುವುದು ಮೂರನೆಯ ಬಗೆ. ಅದು ನೇರ ಬಿಲ್ಲಿಗೆ ಹೇಳಿದ್ದು. ಡೊಂಕುಬಿಲ್ಲಿನಲ್ಲಿ ತುದಿ ಸಿಡಿದು ಮುಖಕ್ಕೆ ಬಡಿಯುವ ಸಂಭವವು ಇದರಲ್ಲಿಯೇ ಹೆಚ್ಚು. ಯಾವ ಬಗೆಯಲ್ಲಿಯಾದರೂ ತಲೆಯನ್ನು ಪಕ್ಕಕ್ಕೆ ಸರಿಸಿ, ತೋಳು ಚಲಿಸುವ ನೇರದಿಂದ ಹೊರಗಿಡಬೇಕು. ಕಣ್ಣಿಗೆ ಗಟ್ಟಿ ಕನ್ನಡಕ ಧರಿಸುವುದು ಹೇಡಿತನವಲ್ಲ. ಮಕ್ಕಳು ಒಬ್ಬರೇ ಇದನ್ನು ಮಾಡಕೂಡದು.

ಕೊಂಬು ನರಗಳ ನಿಜವಾದ ಹಳೆಯ ಬಿಲ್ಲಿನ ವಿಚಾರವೇ ಬೇರೆ. ಮಮ್ಲೂಕರ ಕಾಲದ ತೈಬುಘನೆಂಬವನು ಹದಿನಾಲ್ಕನೆಯ ಶತಮಾನದಲ್ಲಿ ಬರೆದ ಗ್ರಂಥದಲ್ಲಿ ಇಂಥವಕ್ಕೆ ಹೆದೆಯೇರಿಸುವ ಹಲವು ಬಗೆಗಳಿವೆ. ಹದವಾಗಿ ಬೆಚ್ಚಗೆ ಮಾಡಿ, ಕುಳಿತು, ಮೊಳಕಾಲುಗಳ ನಡುವೆ ಒತ್ತಿ, ಅಥವಾ ಇಬ್ಬರು ಸೇರಿ ಏರಿಸುತ್ತಿದ್ದರು. ಆ ಅಂಟು ಪ್ರಾಣಿಗಳ ತೊಗಲು ನರಗಳಿಂದ ಬಂದದ್ದು. ಮಳೆಗಾಲದ ತೇವವನ್ನು ಅದು ಸಹಿಸುವುದಿಲ್ಲ. ತಾತನ ಕಾಲದಿಂದ ಗೋಡೆಯ ಮೇಲಿರುವ ಬಿಲ್ಲೊಂದು ನಿಮ್ಮ ಮನೆಯಲ್ಲಿದ್ದರೆ, ಅದಕ್ಕೆ ಹೆದೆಯೇರಿಸುವ ಆಸೆಯನ್ನೇ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಮಿಥಿಲೆಯಲ್ಲಿ ಬಿಲ್ಲು ಮುರಿದರೆ ಮದುವೆಯಾಯಿತು. ನಮ್ಮಲ್ಲಿ ಬರಿಯ ಚೂರುಗಳು ಉಳಿಯುತ್ತವೆ.

ಹೆದೆಯೇರಿದ ಮೇಲೆ ಬಿಲ್ಲನ್ನು ತುದಿಯಿಂದ ತುದಿಗೆ ನೋಡಬೇಕು. ನಾಣು ಎರಡು ತೋಳುಗಳ ನಟ್ಟನಡುವೆ ಹಾಯ್ದಿರಬೇಕು. ಓರೆಯಾಗಿದ್ದರೆ ಇಳಿಸಿ ಮತ್ತೆ ಏರಿಸಬೇಕು. ಹಿಡಿಗೂ ನಾಣಿಗೂ ಇರಬೇಕಾದ ಅಂತರವನ್ನು ಹಿಂದಿನವರು ಮುಷ್ಟಿಯ ಮೇಲೆ ಹೆಬ್ಬೆರಳೆತ್ತಿ ಅಳೆಯುತ್ತಿದ್ದರು. ಅದು ಆರೇಳು ಅಂಗುಲವಾಗುತ್ತದೆ. ಈಗಿನ ಡೊಂಕುಬಿಲ್ಲುಗಳಿಗೆ ಎಂಟು ಒಂಬತ್ತು ಅಂಗುಲವೂ ಬೇಕಾಗುವುದರಿಂದ ಮಾಡಿದವನು ಹೇಳಿದ ಅಳತೆಯನ್ನೇ ಅನುಸರಿಸುವುದು ಸರಿ. ನಾಣನ್ನು ಕೆಲವು ಸುತ್ತು ಹುರಿಗೊಳಿಸಿದರೆ ಅದು ಗಿಡ್ಡವಾಗಿ ಅಂತರ ಹೆಚ್ಚುತ್ತದೆ. ಅನಂತರ ಎರಡು ಮೂರು ಸಲ ಅರ್ಧ ಸೆಳೆದು, ಕೈಯಿಂದಲೇ ಹಿಂದಕ್ಕೆ ಬಿಟ್ಟುಕೊಟ್ಟು, ಬಿಲ್ಲು ಹೊಂದಿಕೊಂಡ ಮೇಲೆ ಬಾಣವನ್ನು ಹೂಡಬಹುದು. ಬಾಣವಿಲ್ಲದೆ ಪೂರ್ತಿ ಸೆಳೆದು ಬಿಡಕೂಡದು. ಅಂಬು ಕೊಂಡೊಯ್ಯಬೇಕಾದ ಶಕ್ತಿಯು ಆಗ ತೋಳುಗಳಿಗೇ ಮರಳಿ ಬಡಿಯುತ್ತದೆ. ಧನುಷ್ಟಂಕಾರವನ್ನು ಕವಿಗಳಿಗೂ ಯಕ್ಷಗಾನದ ಚೆಂಡೆಗೂ ಬಿಟ್ಟುಕೊಡುವುದು ಲೇಸು.

ಇಳಿಸುವಾಗಲೂ ಇದೇ ಹಗ್ಗ, ಇದೇ ಕ್ರಮ. ದಣಿದ ಕೈ ಆತುರಪಡುವುದರಿಂದ ಏರಿಸುವಾಗಿನ ಎಚ್ಚರವೇ ಇಲ್ಲಿಯೂ ಬೇಕು. ನಾಣನ್ನು ಕತ್ತರಿಸಿ ಬಿಲ್ಲನ್ನು ಬಿಡಿಸುವುದು ಅದನ್ನು ಮುರಿದಂತೆಯೇ. ಇಳಿಸಿದ ಬಿಲ್ಲನ್ನು ಮೂಲೆಗೆ ಆನಿಸಿ ನಿಲ್ಲಿಸದೆ, ಒಲೆಯಿಂದಲೂ ಒದ್ದೆಗೋಡೆಯಿಂದಲೂ ದೂರವಾಗಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿಸಬೇಕು. ಬಿಸಿಲಿನಲ್ಲಿ ನಿಂತ ಮೋಟಾರು ಬಂಡಿಯೊಳಗೆ ಅದನ್ನು ಬಿಡಬಾರದು. ಆ ಕಾವಿಗೆ ಪದರಗಳ ಅಂಟು ಸಡಿಲವಾಗುತ್ತದೆ. ನಾಣಿಗೆ ಆಗಾಗ ಜೇನುಮೇಣವನ್ನು ತಿಕ್ಕಿ, ಸಹಾಯದ ಹಗ್ಗವನ್ನು ಬಿಲ್ಲಿನ ಜೊತೆಯಲ್ಲಿಯೇ ಅದೇ ಗೂಟಕ್ಕೆ ತೂಗುಹಾಕಿಡುವುದು.