ಉಪ್ಪಿನೂರಿನ ನೀಲಿ ಫೈಲು

ನವೆಂಬರಿನ ಒಂದು ಬೆಳಿಗ್ಗೆ, ಎಂಟೂಮುಕ್ಕಾಲು ಗಂಟೆ. ಸ್ಪೇನಿನ ಪೂರ್ವ ಕರಾವಳಿಯ ತೊರ್ರೆವ್ಯೇಹಾ ಎಂಬ ಊರು. ಪೊಲೀಸ್ ಕಚೇರಿಯ ಬಾಗಿಲು ಇನ್ನೂ ತೆರೆದಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಆಗಲೇ ಜನ ನೆರೆದಿದ್ದಾರೆ. ಮೊರಾಕೊದಿಂದ ಹೊಲಗೆಲಸಕ್ಕೆ ಬಂದ ಹುಡುಗರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡ ಉಕ್ರೇನಿನ ತಾಯಿ, ಕೊಲಂಬಿಯಾದ ಅಕ್ಕತಂಗಿಯರು. ಕಾವಲಿಗೆ ನಿಂತ ಸ್ಪೇನಿನ ಪೊಲೀಸಪ್ಪ ಚಳಿಗೆ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೂ ಎಳೆದುಕೊಂಡಿದ್ದಾನೆ. ಈ ಗುಂಪಿನ ನಡುವೆ ಚಡ್ಡಿ ತೊಟ್ಟು, ಸ್ಯಾಂಡಲ್ಲಿನೊಳಗೆ ಬಿಳಿ ಸಾಕ್ಸು ಹಾಕಿಕೊಂಡ ನೀಳಕಾಯದ ಯಜಮಾನರೊಬ್ಬರು ನಿಂತಿದ್ದಾರೆ. ಪಕ್ಕದಲ್ಲಿ ಅವರ ಹೆಂಡತಿ. ಆಕೆಯ ಎದೆಗೆ ಅವಚಿಕೊಂಡಂತೆ ಒಂದು ನೀಲಿ ಪ್ಲಾಸ್ಟಿಕ್ ಫೈಲು.

"ಪದ್ರೋನ್?"

"ಇದೆ."

"ಮೂರು ತಿಂಗಳೊಳಗಿನದೇ ತಾನೆ?"

"ಹೋದ ಮಂಗಳವಾರದ್ದು."

"ಬ್ಯಾಂಕಿನ ರಸೀದಿ? ಜೆರಾಕ್ಸು?"

"ಎಲ್ಲದರದ್ದೂ ಮೂರು ಮೂರು. ಪಾಸ್‌ಪೋರ್ಟಿನ ಖಾಲಿ ಹಾಳೆಗಳದ್ದೂ ಇದೆ."

ಪದ್ರೋನ್ ಎಂದರೆ ಈ ಊರಿನ ವಾಸಿ ಎಂದು ನಗರಸಭೆ ಕೊಡುವ ಪತ್ರ. ಖಾಲಿ ಹಾಳೆಗಳ ಜೆರಾಕ್ಸನ್ನು ಯಾರೂ ಕೇಳಿಲ್ಲ. ಐದು ವರ್ಷ ಕಚೇರಿ ಅಲೆದವರು, ಕೇಳಲಿ ಎಂದು ಕಾಯುತ್ತ ಕೂರುವುದಿಲ್ಲ.

ಈ ದಂಪತಿಗೆ ಹೆಸರು ಬೇಡ. ಈ ಕರಾವಳಿಯಲ್ಲಿ ಇಂಥವರು ಸಾವಿರಗಟ್ಟಲೆ ಇದ್ದಾರೆ. ಸ್ಪೇನಿನ ಜನಸಂಖ್ಯಾ ದಾಖಲೆಯಲ್ಲಿರುವ ಬ್ರಿಟಿಷರೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಯಜಮಾನರು ಲೀಡ್ಸ್ ಕಡೆಯವರು, ಗಾರೆ ಕೆಲಸದವರು. 2000ನೇ ಇಸವಿಯಲ್ಲಿ, ಈ ತೀರದುದ್ದಕ್ಕೂ ಮನೆಗಳು ಅಣಬೆಯಂತೆ ಏಳುತ್ತಿದ್ದಾಗ, ಕೆಲಸ ಹುಡುಕಿಕೊಂಡು ಬಂದು ಇಲ್ಲೇ ಉಳಿದರು. ಊರಿನ ಬೆನ್ನಿಗೆ ಒಂದು ಗುಲಾಬಿ ಬಣ್ಣದ ಸರೋವರವಿದೆ. ಉಪ್ಪುನೀರಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಅದಕ್ಕೆ ಆ ಬಣ್ಣ ಕೊಡುತ್ತವೆ. ಅದರ ದಡದಲ್ಲಿ ಉಪ್ಪಿನ ಗುಡ್ಡೆಗಳು ದೂರದಿಂದ ಹಿಮದ ಬೆಟ್ಟದಂತೆ ಕಾಣುತ್ತವೆ. ಆ ಗಾಳಿ ಕೀಲುನೋವಿಗೂ ಉಬ್ಬಸಕ್ಕೂ ಒಳ್ಳೆಯದೆಂಬ ನಂಬಿಕೆ ಇಂಗ್ಲೆಂಡಿನ ಮಂಡಿಗಳನ್ನೆಲ್ಲ ಇಲ್ಲಿಗೆ ಎಳೆದು ತಂದಿದೆ.

ಆ ಕಾಲದಲ್ಲಿ ಕಾಗದದ ಗೊಡವೆ ಅಷ್ಟಿರಲಿಲ್ಲ. ಇದ್ದ ಅಷ್ಟಿಷ್ಟನ್ನೂ ಇವರು ಮಾಡಿಸಲಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆ ಎಂಬುದೇ ಸಾಕಾಗಿತ್ತು. ಬಂದರು, ಮನೆ ಕೊಂಡರು, ಬದುಕಿದರು. ಹಲ್ಲುನೋವಿಗೆ ಇಲ್ಲಿನ ವೈದ್ಯ, ದೊಡ್ಡ ಕಾಯಿಲೆಗೆ ಅಗ್ಗದ ವಿಮಾನ ಹತ್ತಿ ಲೀಡ್ಸಿನ ಹಳೆಯ ಡಾಕ್ಟರು. 2016ರ ಜೂನ್ 23ರಂದು ಬ್ರಿಟನ್ ಒಕ್ಕೂಟ ಬಿಡಲು ಮತ ಹಾಕಿತು. 2020ರ ಡಿಸೆಂಬರ್ 31ಕ್ಕೆ ಹಳೆಯ ಹಕ್ಕುಗಳ ಗಡುವು. ಅದಕ್ಕೆ ಮುಂಚೆ ಇಲ್ಲಿ ವಾಸವಿದ್ದೇವೆಂದು ತೋರಿಸಿದವರಿಗೆ ಮಾತ್ರ ಹಕ್ಕು ಉಳಿಯುತ್ತದೆ. ಆಗ ಶುರುವಾಯಿತು ಓಟ. ಇಪ್ಪತ್ತು ವರ್ಷದಿಂದ ಇದ್ದ ಈ ಯಜಮಾನರು ಕಾಗದದ ಲೆಕ್ಕದಲ್ಲಿ ಸ್ಪೇನಿಗೆ ಕಾಲಿಟ್ಟಿದ್ದೇ 2020ರಲ್ಲಿ. ಆಗ ಕೊಟ್ಟ ಐದು ವರ್ಷದ ಕಾರ್ಡಿನ ಅವಧಿ ಈಗ ಮುಗಿದಿದೆ. ಹತ್ತು ವರ್ಷದ ಕಾರ್ಡಿಗೆ ಇವತ್ತು ಬೆರಳಚ್ಚು ಕೊಡಬೇಕು.

ಉಪ್ಪು ತಿಂದವರು ನೀರು ಕುಡಿಯಲಿ ಎಂದು ಉಪ್ಪಿನೂರಿನಲ್ಲಿ ನಿಂತು ಹೇಳುವುದು ಸುಲಭ. ಆದರೆ ಇವರಿಗೆ ಆ ಮತವೇ ಇರಲಿಲ್ಲ. ದೇಶ ಬಿಟ್ಟು 15 ವರ್ಷ ಕಳೆದವರಿಗೆ ಓಟಿಲ್ಲ ಎಂಬುದು ಆಗಿನ ನಿಯಮ. ಇಟಲಿಯಲ್ಲಿ ನೆಲೆಸಿದ್ದ ಎರಡನೇ ಮಹಾಯುದ್ಧದ ಯೋಧ ಹ್ಯಾರಿ ಶಿಂಡ್ಲರ್ ಅದರ ವಿರುದ್ಧ ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಸೋತರು. ಕೊನೆಗೆ ಸಂಸತ್ತೇ ನಿಯಮ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. ಶಿಂಡ್ಲರ್ ಅದಕ್ಕೆ ಹನ್ನೊಂದು ತಿಂಗಳು ಮುಂಚೆ, 101ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

ಬಾಗಿಲು ತೆರೆಯಿತು. ಒಳಗೆ ಗುಮಾಸ್ತೆ ಕೂಗುತ್ತಾಳೆ: "ಎಡ್ವರ್ಡ್!" ಯಾರೂ ಏಳುವುದಿಲ್ಲ. ಮತ್ತೆ ಕೂಗುತ್ತಾಳೆ. ಹೆಂಡತಿ ಯಜಮಾನರ ಮೊಣಕೈ ತಿವಿಯುತ್ತಾರೆ. ಅವರ ನಡುವಿನ ಹೆಸರು ಎಡ್ವರ್ಡ್. ಸ್ಪೇನಿನಲ್ಲಿ ಎಲ್ಲರಿಗೂ ಎರಡು ಮನೆತನದ ಹೆಸರು, ಒಂದು ಅಪ್ಪನದು, ಒಂದು ಅಮ್ಮನದು. ಆ ಲೆಕ್ಕದಲ್ಲಿ ನಡುವಿನ ಹೆಸರೇ ಅಪ್ಪನ ಮನೆತನವಾಗಿ ಕೂತುಬಿಟ್ಟಿದೆ. ಹೆಂಡತಿಯದು ಇನ್ನೊಂದು ತಕರಾರು. ಇಲ್ಲಿ ಹೆಣ್ಣುಮಕ್ಕಳು ಮದುವೆಯಾದರೂ ಹೆಸರು ಬದಲಿಸಿಕೊಳ್ಳುವುದಿಲ್ಲ. ಜನನಪತ್ರದಲ್ಲೊಂದು ಪಾಸ್‌ಪೋರ್ಟಿನಲ್ಲೊಂದು ಹೆಸರಿದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸಬೇಕು. ಅದಕ್ಕೆ ಮದುವೆಯ ಪ್ರಮಾಣಪತ್ರ, ಅದರ ಮೇಲೆ ಇಂಗ್ಲೆಂಡಿನ ಮಿಲ್ಟನ್ ಕೀನ್ಸಿನಿಂದ ಬರುವ ಅಪೊಸ್ಟೀಲ್ ಮುದ್ರೆ, ಆಮೇಲೆ ಪ್ರಮಾಣವಚನ ತೆಗೆದುಕೊಂಡ ಭಾಷಾಂತರಕಾರರ ಸ್ಪ್ಯಾನಿಷ್ ಪ್ರತಿ. ಪಾಸ್‌ಪೋರ್ಟ್ ಕಚೇರಿಯಲ್ಲಿ "ಇನಿಷಿಯಲ್ ಬಿಡಿಸಿ ಬರೆಯಿರಿ" ಎನ್ನಿಸಿಕೊಂಡು, ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತಮ್ಮ ಮನೆತನದ ಹೆಸರಾಗಿಸಿಕೊಂಡ ಕನ್ನಡಿಗರಿಗೆ ಇದರಲ್ಲಿ ಹೊಸದೇನೂ ಕಾಣದು.

ಬೆರಳಚ್ಚಿನ ಯಂತ್ರದ ಮೇಲೆ ಯಜಮಾನರು ಬೆರಳಿಡುತ್ತಾರೆ. ಕೆಂಪು ದೀಪ. ಒರೆಸಿ ಇಡುತ್ತಾರೆ. ಮತ್ತೆ ಕೆಂಪು. ನಲವತ್ತು ವರ್ಷ ಸಿಮೆಂಟು ಸುಣ್ಣ ಮುಟ್ಟಿದ ಬೆರಳುಗಳ ಗೆರೆಗಳೆಲ್ಲ ಸವೆದುಹೋಗಿವೆ. ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಹತ್ತದೆ ನಿಂತ ಅಜ್ಜಿಯಂದಿರಂತೆ ಅವರು ಬೆರಳನ್ನೇ ತಪ್ಪಿತಸ್ಥನಂತೆ ನೋಡುತ್ತಾರೆ. ಗುಮಾಸ್ತೆ ಒದ್ದೆ ಟಿಶ್ಯೂ ಕೊಟ್ಟು, ತಾನೇ ಅವರ ಬೆರಳು ಹಿಡಿದು ಒತ್ತುತ್ತಾಳೆ. ಐದನೆಯ ಸಲಕ್ಕೆ ಹಸಿರು. ಒಂದು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾಳೆ.

'ನಾಳೆ ಬನ್ನಿ' ಎಂಬ ತಲೆಬರಹದಲ್ಲೇ ಸ್ಪೇನಿನ ಲೇಖಕ ಮಾರಿಯಾನೊ ಹೊಸೆ ದೆ ಲಾರ್ರಾ 1833ರಲ್ಲಿ ತನ್ನ ದೇಶದ ಕಚೇರಿಗಳನ್ನು ಗೇಲಿ ಮಾಡಿ ಒಂದು ಲೇಖನ ಬರೆದ. ನಮ್ಮಲ್ಲಿ ಒಂದು ಕಾಲಕ್ಕೆ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಲಾರ್ರಾನ ಊರಿನಲ್ಲಿ ಅದನ್ನು ಹೇಳುತ್ತಿದ್ದುದು ಮನುಷ್ಯರಿಗೆ. ಈಗ ಆ ಮಾತಿನ ಜಾಗದಲ್ಲಿ 'ಸೀತಾ ಪ್ರೇವಿಯಾ' ಬಂದಿದೆ, ಅಂದರೆ ಮುಂಚಿತ ಅಪಾಯಿಂಟ್‌ಮೆಂಟ್. ಅದು ಇಂಟರ್‌ನೆಟ್ಟಿನಲ್ಲಿ ಸಿಗಬೇಕು, ಬಹಳ ಸಲ ಸಿಗುವುದಿಲ್ಲ. ಸಿಗದವರು ಹೋಗುವುದು 'ಹೆಸ್ತೋರ್' ಹತ್ತಿರ. ಆರ್.ಟಿ.ಓ. ಕಚೇರಿಯ ಮುಂದಿನ ಏಜೆಂಟರಿಗೂ ಆಡಿಟರಿಗೂ ನಡುವಿನ ಒಂದು ವೃತ್ತಿ ಅದು. ಇಲ್ಲಿ ಅದಕ್ಕೆ ಮರ್ಯಾದೆಯೂ ಇದೆ, ಬೋರ್ಡೂ ಇದೆ, ಫೀಸೂ ಇದೆ.

ಇಷ್ಟೆಲ್ಲ ಯಾಕೆ? ಕಾರ್ಡಿಲ್ಲದವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, 2025ರ ಅಕ್ಟೋಬರಿನಿಂದ ಗಡಿಯಲ್ಲಿ ಆ ದಿನಗಳನ್ನು ಯಂತ್ರವೇ ಎಣಿಸತೊಡಗಿದೆ ಎನ್ನುವುದು ಒಂದು ಕಾರಣ. ಆದರೆ ಫೈಲನ್ನು ಎದೆಗೆ ಅವಚಿಕೊಳ್ಳುವಂತೆ ಮಾಡಿದ್ದು ಅದಲ್ಲ. ಹೆಂಡತಿಗೆ ಎಪ್ಪತ್ತನಾಲ್ಕು, ಯಜಮಾನರಿಗೆ ಎಪ್ಪತ್ತಾರು. ಕಾರ್ಡು ತಪ್ಪಿದರೆ ಆಸ್ಪತ್ರೆ ತಪ್ಪೀತು ಎಂಬ ಹೆದರಿಕೆ ಅದು.

ಆಸ್ಪತ್ರೆಯ ಕಾಗದದ ಹೆಸರು ಎಸ್-1. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಸ್ಪೇನಿನಲ್ಲಿ ನೆಲೆಸಿದರೆ ಅವರ ಚಿಕಿತ್ಸೆಯ ಖರ್ಚನ್ನು ಬ್ರಿಟನ್ ಸ್ಪೇನಿಗೆ ತುಂಬಿಕೊಡುತ್ತದೆ ಎಂಬುದಕ್ಕೆ ಅದು ಆಧಾರ. ಅದನ್ನು ನ್ಯೂಕಾಸಲ್ಲಿನಿಂದ ತರಿಸಿ, ಇಲ್ಲಿನ ಸಾಮಾಜಿಕ ಭದ್ರತಾ ಕಚೇರಿಯಲ್ಲಿ ನೋಂದಾಯಿಸಿ, ಆ ಹಾಳೆ ಹಿಡಿದು ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋದರೆ 'ಸಿಪ್' ಕಾರ್ಡು. ಕಡಿಮೆ ಆದಾಯದ ಪಿಂಚಣಿದಾರರಿಗೆ ಔಷಧಿಯ ಬೆಲೆಯಲ್ಲಿ ನೂರಕ್ಕೆ ಹತ್ತು ಪಾಲು, ಅದೂ ತಿಂಗಳಿಗೆ ಸುಮಾರು 8 ಯೂರೊ ಮೀರದಂತೆ. ಪಿಂಚಣಿಯ ವಯಸ್ಸಿಗೆ ಮುಂಚೆ ಬಂದವರದು ಬೇರೆ ಪಾಡು. ವರ್ಷ ಕಾದು, ತಿಂಗಳಿಗೆ 60 ಯೂರೊ ಕಟ್ಟಿ ಸರ್ಕಾರಿ ಯೋಜನೆಗೆ ಸೇರಬೇಕು. ಅಲ್ಲಿಯವರೆಗೆ ಖಾಸಗಿ ವಿಮೆ. ವಿಮೆಯವರಿಗೆ ಹಳೆಯ ಕಾಯಿಲೆಗಳೆಂದರೆ ಆಗದು, ಐವತ್ತೆಂಟರ ಮನುಷ್ಯನ ಬಳಿ ಇರುವುದೆಲ್ಲ ಹಳೆಯವೇ.

ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ ರಕ್ತ ಕೊಡುವ ಹೊತ್ತು ನೋಡಬೇಕು. ಬ್ರಿಟಿಷರು ಎಲ್ಲಿ ಹೋದರೂ ಸಾಲು ಕಟ್ಟುವವರು. ಇಲ್ಲಿ ಸಾಲೇ ಇಲ್ಲ. ಜನ ಎಲ್ಲೆಂದರಲ್ಲಿ ಕೂತು ಹರಟುತ್ತಿರುತ್ತಾರೆ. ಒಳಗೆ ಬಂದವರು "ಕೊನೆಯವರು ಯಾರು?" ಎಂದು ಕೇಳುತ್ತಾರೆ, ಮೂಲೆಯಿಂದ ಯಾರೋ ಕೈಯೆತ್ತುತ್ತಾರೆ. ಅವರಾದ ಮೇಲೆ ನೀವು, ಅಷ್ಟೇ ಲೆಕ್ಕ. ಮೊದಲ ವರ್ಷ ಗೋಡೆಗೆ ಒರಗಿ, ಇಲ್ಲದ ಸಾಲಿನಲ್ಲಿ ಒಬ್ಬರೇ ನಿಂತಿದ್ದ ಯಜಮಾನರು ಈಗ ಬಾಗಿಲಲ್ಲೇ "ಊಲ್ತಿಮೋ?" ಎನ್ನುತ್ತಾರೆ. ಅವರು ತಡವರಿಸದೆ ಆಡುವ ಸ್ಪ್ಯಾನಿಷ್ ಅದೊಂದೇ.

ಡಾಕ್ಟರ ಮುಂದೆ ಅದು ಸಾಲದು. ಒಮ್ಮೆ ಮಲಬದ್ಧತೆಗೆ ಔಷಧಿ ಕೇಳಲು ಹೋಗಿ, ಇಂಗ್ಲಿಷಿನ ಪದಕ್ಕೆ ಬಾಲ ಸೇರಿಸಿ "ಕೊನ್ಸ್ತಿಪಾದೊ" ಎಂದರು. ಸ್ಪ್ಯಾನಿಷಿನಲ್ಲಿ ಅದರ ಅರ್ಥ ನೆಗಡಿ. ಡಾಕ್ಟರು ಗಂಟಲು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ಯಜಮಾನರು ಹೊಟ್ಟೆ ತೋರಿಸಿದರೆ ಅವರು ಮೂಗು ತೋರಿಸಿದರು. ಕೊನೆಗೆ ಕಾಯುತ್ತ ಕೂತಿದ್ದ ನಾರ್ವೆಯ ಹೆಂಗಸೊಬ್ಬರು ಒಳಗೆ ಬಂದು ಬಿಡಿಸಿ ಹೇಳಬೇಕಾಯಿತು. ಈ ಕತೆಯನ್ನು ಅವರು ಈಗ ಬಾರಿನಲ್ಲಿ ನಗುತ್ತ ಹೇಳುತ್ತಾರೆ. ಹೆಂಡತಿ ನಗುವುದಿಲ್ಲ. ಅದು ಮಲಬದ್ಧತೆಯಾಗದೆ ಎದೆನೋವಾಗಿದ್ದಿದ್ದರೆ?

ಹೋದ ವರ್ಷ ಯಜಮಾನರ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಬಿಲ್ಲಿಲ್ಲ. ವಾರ್ಡಿನ ಸಂಪ್ರದಾಯ ಮಾತ್ರ ಗೊತ್ತಿರಲಿಲ್ಲ. ಸ್ಪೇನಿನ ಆಸ್ಪತ್ರೆಗಳಲ್ಲಿ ಮಂಚದ ಪಕ್ಕ ಒಂದು ಒರಗುಕುರ್ಚಿ ಇರುತ್ತದೆ, ರಾತ್ರಿ ಜೊತೆಗಿರುವವರಿಗೆ. ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ನೀರು ಕೊಡುವುದು ಬಹುಮಟ್ಟಿಗೆ ಮನೆಯವರದೇ ಪಾಲು. ನಮ್ಮ ಜಿಲ್ಲಾಸ್ಪತ್ರೆ ಕಂಡವರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಲೀಡ್ಸಿನವರಿಗೆ ಭೇಟಿಯ ಹೊತ್ತು ಮುಗಿದ ಮೇಲೂ ಜನ ಇದ್ದರೆ ಕಸಿವಿಸಿ. ಪಕ್ಕದ ಮಂಚದವನಿಗೆ ಮಗಳು, ಅಳಿಯ, ಅತ್ತೆ, ಆಲೂಗಡ್ಡೆ ಆಮ್ಲೆಟ್ಟಿನ ಡಬ್ಬಿ, ನಡುರಾತ್ರಿಯವರೆಗೂ ಮಾತು. ಮೊದಲ ರಾತ್ರಿ ಯಜಮಾನರು ಗೋಡೆ ಕಡೆ ತಿರುಗಿ ಮಲಗಿದರು. ಎರಡನೆಯ ರಾತ್ರಿ ಆ ಅತ್ತೆ, ಕುರ್ಚಿಯಲ್ಲಿ ಸೋತು ಕೂತಿದ್ದ ಹೆಂಡತಿಯ ಕೈಗೆ ಒಂದು ತುಂಡು ಆಮ್ಲೆಟ್ ಇಟ್ಟು, "ನೀನು ಹೋಗಿ ಮಲಗು ತಾಯಿ, ನಾನು ನೋಡಿಕೊಳ್ಳುತ್ತೇನೆ" ಎಂದು ಕೈಸನ್ನೆಯಲ್ಲೇ ಹೇಳಿದಳು. ಆಕೆ ಬಾತ್‌ರೂಮಿಗೆ ಹೋಗಿ ಅತ್ತರು.

ಮನೆಗೆ ಬಂದ ಮೇಲೆ ಆ ಅತ್ತೆ ಇಲ್ಲ. ಮಗಳು ಲೀಡ್ಸಿನಲ್ಲಿ, ಅವಳದು ಅವಳ ಸಂಸಾರ. ಬೀದಿಯ ಕೊನೆಯ ಮನೆಯವರಿಗೆ ಮರೆವಿನ ಕಾಯಿಲೆ. ಅಂಥವರಲ್ಲಿ ಸಾಮಾನ್ಯವಾಗಿ ಮೊದಲು ಜಾರುವುದು ದೊಡ್ಡವರಾದ ಮೇಲೆ ಕಲಿತ ಭಾಷೆ. ನರ್ಸು ಸ್ಪ್ಯಾನಿಷಿನಲ್ಲಿ ಕೇಳುತ್ತಾಳೆ, ಅವರು ಬಾಲ್ಯದ ಯಾರ್ಕ್‌ಶೈರಿನ ಆಡುಮಾತಿನಲ್ಲಿ ಉತ್ತರಿಸುತ್ತಾರೆ. ಈ ದಂಪತಿ ಆ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಾರೆ.

ಲೈಸೆನ್ಸಿನ ಕತೆಯೂ ಇದೆ. 2022ರ ಮೇ 1ರಿಂದ ಹತ್ತೂವರೆ ತಿಂಗಳು, ಎರಡು ಸರ್ಕಾರಗಳ ನಡುವೆ ಒಪ್ಪಂದವಾಗದೆ, ಇಲ್ಲಿ ನೆಲೆಸಿದ ಬ್ರಿಟಿಷರ ಲೈಸೆನ್ಸು ನಡೆಯದಾಯಿತು. ಬಸ್ಸಿಲ್ಲದ ಗುಡ್ಡದ ಬಡಾವಣೆಗಳಲ್ಲಿ ಕಾರು ನಿಂತಲ್ಲೇ ಧೂಳು ತಿಂದಿತು, ಡಾಕ್ಟರ ಹತ್ತಿರ ಹೋಗಲು ಟ್ಯಾಕ್ಸಿಗೆ ದುಡ್ಡು ಸುರಿಯಬೇಕಾಯಿತು. 2023ರ ಮಾರ್ಚ್ 16ಕ್ಕೆ ಒಪ್ಪಂದ ಜಾರಿಯಾದ ಮೇಲೆ ಸ್ಪೇನಿನ ಲೈಸೆನ್ಸಿಗೆ ವೈದ್ಯಕೀಯ ಪರೀಕ್ಷೆ. ಎರಡು ಕೈಯಲ್ಲಿ ಎರಡು ಹಿಡಿಕೆ ಹಿಡಿದು, ಪರದೆಯ ಮೇಲೆ ಎರಡು ಚುಕ್ಕೆಗಳು ದಾರಿ ತಪ್ಪದಂತೆ ಓಡಿಸಬೇಕು. ಮೊಮ್ಮಕ್ಕಳ ವಿಡಿಯೊ ಗೇಮಿನಂತಿತ್ತು, ಯಂತ್ರ ಕೀಂಯ್ ಎಂದಾಗಲೆಲ್ಲ ಬೆನ್ನು ಬೆವರಿತು ಎನ್ನುತ್ತಾರೆ.

ಇದೆಲ್ಲ ಮುಗಿದು ಉಸಿರು ಬಿಡುವಾಗ ಬ್ರಿಟನ್ನಿನ ಪಿಂಚಣಿ ಕಚೇರಿಯಿಂದ ಲಕೋಟೆ ಬರುತ್ತದೆ. ನೀವಿನ್ನೂ ಬದುಕಿದ್ದೀರಾ? ಹಾಗಿದ್ದರೆ ಸಂಬಂಧಿಕರಲ್ಲದ ಸಾಕ್ಷಿಯ ಸಹಿ ಹಾಕಿಸಿ 16 ವಾರದೊಳಗೆ ಕಳಿಸಿ. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ನವೆಂಬರಿನಲ್ಲಿ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ ಜೀವಂತ ಪ್ರಮಾಣಪತ್ರ ಕೊಡುವ ನಮ್ಮ ನಿವೃತ್ತ ಮೇಷ್ಟರು ಇದನ್ನು ಓದಿದರೆ ನಕ್ಕಾರು. ಒಂದು ವ್ಯತ್ಯಾಸವಿದೆ. ಸ್ಪೇನಿನಲ್ಲಿರುವವರ ಬ್ರಿಟಿಷ್ ಪಿಂಚಣಿ ವರ್ಷವರ್ಷ ಏರುತ್ತದೆ. ಆದರೆ ಕೆನಡಾ, ಆಸ್ಟ್ರೇಲಿಯಾ, ಭಾರತದಂಥ ದೇಶಗಳಲ್ಲಿ ನೆಲೆಸಿದವರಿಗೆ ಮೊದಲು ನಿಗದಿಯಾದ ಮೊತ್ತವೇ ಕೊನೆಯವರೆಗೆ. ಹೀಗೆ ಹೆಪ್ಪುಗಟ್ಟಿದ ಪಿಂಚಣಿಯವರು ಸುಮಾರು 4.5 ಲಕ್ಷ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದುಡಿದು ಮೈಸೂರಿಗೋ ಮಂಗಳೂರಿಗೋ ಮರಳಿ ಬಂದ ಡಾಕ್ಟರು, ನರ್ಸುಗಳೂ ಇದೇ ನಿಯಮದ ಅಡಿಯಲ್ಲಿದ್ದಾರೆ.

ಬಾರಿನಲ್ಲಿ ಕೂತ ಇಂಗ್ಲಿಷರು ತಮ್ಮನ್ನು 'ಎಕ್ಸ್‌ಪ್ಯಾಟ್' ಎಂದುಕೊಳ್ಳುತ್ತಾರೆ. ವಲಸಿಗ ಎಂಬುದು ಬೇರೆಯವರಿಗೆ ಮೀಸಲಾದ ಪದ. ಪೊಲೀಸ್ ಕಚೇರಿಯ ಬಾಗಿಲ ಮೇಲೆ ಮಾತ್ರ 'ವಿದೇಶಿಯರು' ಎಂಬ ಒಂದೇ ಬೋರ್ಡು. ಮೊರಾಕೊದ ಹುಡುಗನಿಗೆ ಅರ್ಜಿಯ ಮೂರನೆಯ ಕಾಲಂ ತಿಳಿಯದಿದ್ದಾಗ ಈ ಹೆಂಡತಿಯೇ ತುಂಬಿಸಿದರು. ಅವನ ಹತ್ತಿರ ಪೆನ್ನಿರಲಿಲ್ಲ, ಆಕೆಯ ಫೈಲಿನಲ್ಲಿ ನಾಲ್ಕಿದ್ದವು.

ಡಿಸೆಂಬರ್ ಕೊನೆಯಲ್ಲಿ ಕಾರ್ಡು ಬಂತು. ಮನೆಗೆ ಹೋಗುವ ದಾರಿಯಲ್ಲೇ ಅಂಗಡಿಗೆ ನುಗ್ಗಿ ಆಕೆ ಅದರ ಎರಡೂ ಮಗ್ಗುಲನ್ನು ಮೂರು ಜೆರಾಕ್ಸ್ ಮಾಡಿಸಿದರು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಫೈಲು ಬಿಚ್ಚಿದರು. ಕೊನೆಯ ಪೊರೆಯಲ್ಲಿ ವಿಲ್ಲು, ಅಂತ್ಯಕ್ರಿಯೆಗೆ ಮುಂಗಡ ಕಟ್ಟಿದ ರಸೀದಿ ಇವೆ. ಇಲ್ಲಿ ಎರಡು ಮೂರು ದಿನದಲ್ಲೇ ಎಲ್ಲ ಮುಗಿಸಿಬಿಡುತ್ತಾರೆ, ಮಗಳಿಗೆ ವಿಮಾನ ಸಿಗುವುದರೊಳಗೆ. ಅದನ್ನು ಬಿಚ್ಚಲಿಲ್ಲ. ಕಾರ್ಡಿನ ಪ್ರತಿಗಳನ್ನು ಮುಂದಿನ ಪೊರೆಗೆ ಸೇರಿಸಿದರು.

"2035ರವರೆಗೆ ಚಿಂತೆಯಿಲ್ಲ," ಎಂದರು ಯಜಮಾನರು. ಆಗ ತಮಗೆ ಎಂಬತ್ತಾರು ಎಂದು ಬೆರಳೆಣಿಸಿಯೂ ಕೊಂಡರು, ಯಂತ್ರಕ್ಕೆ ಹತ್ತದ ಅದೇ ಬೆರಳುಗಳಲ್ಲಿ.

"ಅದಕ್ಕೆ ಮುಂಚೆ 2028ರಲ್ಲಿ ನಿಮ್ಮ ಲೈಸೆನ್ಸಿದೆ," ಎಂದು ಆಕೆ ಫೈಲು ಮುಚ್ಚಿ, ಚಹಕ್ಕೆ ನೀರಿಟ್ಟರು.