ಹೊಗೆ ಹೋಗಿ ದೀಪ ಬಂತು

ಹಳೆಯ ಡೀಸೆಲ್ ಗಾಡಿಗೆ ಸ್ಕ್ಯಾನರ್ ಬೇಕಿರಲಿಲ್ಲ. ಮೆಕ್ಯಾನಿಕ್ ಗಾಡಿಯ ಹಿಂದೆ ನಿಂತು ‘ಒಂದ್ಸಲ ರೇಸ್ ಕೊಡಪ್ಪ’ ಅನ್ನುತ್ತಿದ್ದ. ಕರಿ ಹೊಗೆ ಉಗುಳಿದರೆ ನಾಜಲ್ ಇಲ್ಲವೇ ಏರ್ ಫಿಲ್ಟರ್, ನೀಲಿ ಹೊಗೆಯಾದರೆ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದೇ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ. ಅರ್ಧ ಕಾಯಿಲೆ ಸೈಲೆನ್ಸರ್ ತುದಿಯಲ್ಲೇ ಗೊತ್ತಾಗಿಬಿಡುತ್ತಿತ್ತು. 2020ರ ಏಪ್ರಿಲ್ 1ರಂದು ದೇಶಕ್ಕೆಲ್ಲ ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದ ಮೇಲೆ ಈ ವಿದ್ಯೆ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾಯಿತು. ಇಂಜಿನ್ನಿನೊಳಗೆ ಈಗಲೂ ಕರಿ ಹೊಗೆ ಹುಟ್ಟುತ್ತದೆ, ಹೊರಗೆ ಬರುವುದಿಲ್ಲ ಅಷ್ಟೆ. ದಾರಿಯಲ್ಲಿ ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅದನ್ನು ನುಂಗಿಕೊಂಡು ಕೂತಿರುತ್ತದೆ.

ಆದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದಾಗ, ಆ ಚುಕ್ಕೆ ತುಂಬಿದ ಡಬ್ಬಿ, ಎರಡು ಕಡೆ ಕೊಳವೆ ಇರುವ ಚಿತ್ರ ಕಂಡಾಗ, ‘ಫಿಲ್ಟರ್ ಹೋಯ್ತು’ ಅಂತ ತೀರ್ಮಾನಿಸುವುದು ಆತುರ. ಆ ದೀಪವೇ ಇಂದಿನ ಕರಿ ಹೊಗೆ. ಹೊಗೆ ಎಲ್ಲಿ ಹುಟ್ಟಿತು ಅಂತ ಕೇಳುವ ಬದಲು ಹೊಗೆ ಹಿಡಿದವನನ್ನೇ ಬಿಚ್ಚಿ ಎಸೆಯುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಬೆಳೆಯುತ್ತಿದೆ. ಟಿಟಿ (ಟೆಂಪೋ ಟ್ರಾವೆಲರ್), ಸ್ಕೂಲ್ ವ್ಯಾನ್, ಪಿಕಪ್ ಇಟ್ಟುಕೊಂಡವರ ಜೇಬಿಗೆ ಕತ್ತರಿ ಬೀಳುವುದು ಇಲ್ಲೇ.

ಫಿಲ್ಟರಿನ ಒಳರಚನೆ ನೋಡಿದರೆ ಅದನ್ನು ಯಾರೂ ಸುಲಭಕ್ಕೆ ಎಸೆಯಲಾರರು. ಕಾರ್ಡಿಯರೈಟ್ ಅಥವಾ ಸಿಲಿಕಾನ್ ಕಾರ್ಬೈಡ್ ಎಂಬ ಪಿಂಗಾಣಿ ಜಾತಿಯ ವಸ್ತುವಿನಿಂದ ಮಾಡಿದ ದಿಂಡು ಅದು. ಉದ್ದಕ್ಕೂ ಸಾವಿರಾರು ಸಣ್ಣ ಚೌಕ ನಾಳಗಳಿರುತ್ತವೆ. ಒಂದು ನಾಳದ ಬಾಯಿ ತೆರೆದಿದ್ದರೆ ಅದರ ಹಿಂತುದಿ ಮುಚ್ಚಿರುತ್ತದೆ. ಪಕ್ಕದ ನಾಳದ್ದು ಇದಕ್ಕೆ ತದ್ವಿರುದ್ಧ. ಒಳಗೆ ನುಗ್ಗಿದ ಹೊಗೆಗೆ ನೇರ ದಾರಿಯಿಲ್ಲ. ರಂಧ್ರಮಯ ಗೋಡೆಯ ಮೂಲಕವೇ ಪಕ್ಕದ ನಾಳಕ್ಕೆ ದಾಟಬೇಕು. ಅನಿಲ ದಾಟುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಉಗುಳಬಹುದು ಎಂದು ಬಿಎಸ್-4 ಬಿಟ್ಟಿತ್ತು; ಬಿಎಸ್-6 ಅದನ್ನು 4.5ಕ್ಕೆ ಇಳಿಸಿತು, ಜೊತೆಗೆ ಕಣಗಳ ಎಣಿಕೆಗೂ ಮಿತಿ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ಇಷ್ಟೆಲ್ಲ ತಾಪತ್ರಯ ಅದಕ್ಕಾಗಿ.

ತಡೆದ ಮಸಿ ಎಲ್ಲಿಗೆ ಹೋಗಬೇಕು? ಅಲ್ಲೇ ಉರಿದು ಹೋಗಬೇಕು. ಇದಕ್ಕೆ ರೀಜನರೇಷನ್ ಅನ್ನುತ್ತಾರೆ, ಗ್ಯಾರೇಜಿನಲ್ಲಿ ಬರೀ ‘ರೀಜನ್’. ಹೆದ್ದಾರಿಯಲ್ಲಿ ಲೋಡ್ ಹಾಕಿಕೊಂಡು ಹೋಗುವಾಗ ಹೊಗೆಯ ಶಾಖ ಸುಮಾರು 250ರಿಂದ 400 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಫಿಲ್ಟರಿಗಿಂತ ಮುಂದಿರುವ ಕ್ಯಾಟಲಿಸ್ಟ್‌ನಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡ್ ಆ ಶಾಖದಲ್ಲಿ ಮಸಿಯನ್ನು ಸದ್ದಿಲ್ಲದೆ ತಿನ್ನುತ್ತಾ ಬರುತ್ತದೆ. ಡ್ರೈವರಿಗೆ ಇದು ತಿಳಿಯುವುದೂ ಇಲ್ಲ. ನಗರದೊಳಗೆ ಈ ಶಾಖ ಸಿಗದು. ಸಿಲ್ಕ್ ಬೋರ್ಡಿನಿಂದ ಬೆಳ್ಳಂದೂರಿಗೆ ಕ್ಲಚ್ ಒತ್ತುತ್ತಲೇ ಸಾಗುವ ಸ್ಟಾಫ್ ವ್ಯಾನಿನಲ್ಲಿ ಮಸಿ ಬೀಳುತ್ತದೆ, ಉರಿಯುವುದಿಲ್ಲ. ಆಗ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ತಾನೇ ಕೈಹಾಕುತ್ತದೆ. ಉರಿಯುವ ಹೊಡೆತ ಮುಗಿದ ಮೇಲೆ ಸಿಲಿಂಡರಿಗೆ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಕ್ಯಾಟಲಿಸ್ಟ್‌ಗೆ ಹೋಗಿ ಉರಿದು, ಫಿಲ್ಟರಿನ ಶಾಖ 600 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಮಸಿ ಖಾಲಿ.

ಈ ಹತ್ತಿಪ್ಪತ್ತು ನಿಮಿಷ ಸಿಗದಿರುವುದೇ ಬಹುಪಾಲು ದೀಪಗಳ ಮೂಲ. ಐಡಲ್‌ನಲ್ಲಿ ಇಂಜಿನ್ ಮಾಮೂಲಿಗಿಂತ ತುಸು ಜೋರಾಗಿ ಓಡುತ್ತಿದೆ, ಮೈಲೇಜ್ ಮುಳ್ಳು ಸರ್ರನೆ ಬಿತ್ತು, ಗಾಡಿಯ ಅಡಿಯಿಂದ ಬಿಸಿ ವಾಸನೆ, ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ಬುಸುಗುಡುತ್ತಿದೆ ಅಂದರೆ ಒಳಗೆ ರೀಜನ್ ನಡೆಯುತ್ತಿತ್ತು ಎಂದೇ ಅರ್ಥ. ಇದು ತಿಳಿಯದ ಡ್ರೈವರ್ ಮನೆ ಬಂತೆಂದು ಆಫ್ ಮಾಡುತ್ತಾನೆ. ದಿನಾ ಹೀಗೇ ಆದರೆ ಮಸಿಯೂ ಉಳಿಯಿತು, ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಆಯಿಲ್ ಸಂಪಿಗೂ ಸೇರಿತು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿದ್ದು, ಮೂಗಿಗೆ ಡೀಸೆಲ್ ವಾಸನೆ ಬಡಿದರೆ ಆ ಗಾಡಿಯ ರೀಜನ್‌ಗಳು ಎಷ್ಟೋ ಸಲ ಅರ್ಧಕ್ಕೇ ನಿಂತಿವೆ. ‘ಆಯಿಲ್ ಕುಡೀತಾನೇ ಇಲ್ಲ, ಭಾರೀ ಗಾಡಿ’ ಎಂದು ಖುಷಿಪಡುವ ಮಾಲೀಕರು ಇದನ್ನೊಮ್ಮೆ ಮೂಸಿ ನೋಡಬೇಕು.

ಹಳದಿ ದೀಪ ಬರೀ ನಿಂತು ಉರಿಯುತ್ತಿದ್ದರೆ ಓನರ್ ಮ್ಯಾನುವಲ್ ಹೇಳುವ ವೇಗದಲ್ಲಿ, ಹೆಚ್ಚಿನ ಗಾಡಿಗಳಿಗೆ ಗಂಟೆಗೆ 60 ಕಿಲೋಮೀಟರ್ ಮೀರಿದ ಒಂದೇ ಹದದಲ್ಲಿ, ನೆಲಮಂಗಲ ದಾಟಿ ತುಮಕೂರು ಕಡೆ ಓಡಿಸಿಕೊಂಡು ಬಂದರೆ ಸಾಮಾನ್ಯವಾಗಿ ಆರುತ್ತದೆ. ಆರಲಿಲ್ಲವೆಂದರೆ ಇಸಿಯು ರೀಜನ್‌ಗೆ ಒಪ್ಪುತ್ತಿಲ್ಲ. ಅದಕ್ಕೆ ಅದರದೇ ಷರತ್ತುಗಳಿವೆ. ಟ್ಯಾಂಕಿನಲ್ಲಿ ಡೀಸೆಲ್ ಸಾಕಷ್ಟಿರಬೇಕು. ಎಷ್ಟೋ ಮಾದರಿಗಳಲ್ಲಿ ಕಾಲುಭಾಗಕ್ಕಿಂತ ಕಡಿಮೆಯಿದ್ದರೆ ಅದು ಶುರುವೇ ಮಾಡದು. ಸದಾ ರಿಸರ್ವ್‌ನಲ್ಲೇ ಓಡಿಸುವ ಬಾಡಿಗೆ ಗಾಡಿಗಳಿಗೆ ಇದೊಂದು ಶಾಪ. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ಇಲ್ಲಿ ನಮ್ಮ ಕಡೆಯದೇ ಒಂದು ಚಾಳಿ ಅಡ್ಡ ಬರುತ್ತದೆ. ಗಾಡಿ ಹೀಟ್ ಆಗಬಾರದೆಂದು ಥರ್ಮೋಸ್ಟಾಟ್ ಕಿತ್ತು ಎಸೆಯುವುದು! ‘ನಮ್ಮ ಸೆಕೆಗೆ ಅದ್ಯಾಕಣ್ಣ’ ಅನ್ನುವ ಮಾತು ಕೇಳಿರುತ್ತೀರಿ. ಅದಿಲ್ಲದಿದ್ದರೆ ಕೂಲಂಟ್ ಬೇಕಾದ ಶಾಖಕ್ಕೆ ಏರುವುದಿಲ್ಲ, ಇಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು ರೀಜನ್ ಮುಂದೂಡುತ್ತಲೇ ಹೋಗುತ್ತದೆ. ಒಂದು ಸಣ್ಣ ಬಿಡಿಭಾಗ ಕಿತ್ತ ತಪ್ಪಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ದೀಪವನ್ನು ಕಂಡೂ ಕಾಣದಂತಿದ್ದರೆ ಮುಂದಿನ ಹಂತ ಲಿಂಪ್ ಮೋಡ್. ಚೆಕ್ ಇಂಜಿನ್ ದೀಪವೂ ಜೊತೆಗೂಡುತ್ತದೆ, ಪಿಕಪ್ ಸತ್ತುಹೋಗುತ್ತದೆ, ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಗಾಡಿ ಎಳೆಯುವುದಿಲ್ಲ. ಡ್ರೈವರನ ಸಿಟ್ಟು ಸಹಜವೇ, ಆದರೆ ಇಸಿಯುವಿನ ಲೆಕ್ಕ ಬೇರೆ. ಫಿಲ್ಟರಿನಲ್ಲಿ ಅತಿಯಾಗಿ ಮಸಿ ಕಟ್ಟಿದಾಗ ಅದೆಲ್ಲ ಒಟ್ಟಿಗೇ ಹೊತ್ತಿಕೊಂಡರೆ ಶಾಖ ಸಾವಿರ ಡಿಗ್ರಿ ದಾಟಬಹುದು. ಅತಿ ಅಪಾಯದ ಗಳಿಗೆ ಯಾವುದೆಂದರೆ, ಮಸಿ ಜೋರಾಗಿ ಉರಿಯುತ್ತಿರುವಾಗಲೇ ಟೋಲ್ ಗೇಟ್ ಸಿಕ್ಕಿ ಗಾಡಿ ಐಡಲ್‌ಗೆ ಬರುವುದು. ಶಾಖ ಹೊತ್ತೊಯ್ಯುವ ಗಾಳಿಯ ಹರಿವು ಕುಸಿಯುತ್ತದೆ, ಹೊಗೆಯಲ್ಲಿ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಪಿಂಗಾಣಿ ಬಿರುಕು ಬಿಡುವುದು, ಕರಗುವುದು ಆಗಲೇ. ಆದ್ದರಿಂದ ಮಸಿ ಒಂದು ಮಟ್ಟ ಮೀರಿದರೆ ಗಾಡಿ ಚಲಿಸುತ್ತಿರುವಾಗ ಇಸಿಯು ರೀಜನ್ ಮಾಡುವುದನ್ನೇ ಬಿಡುತ್ತದೆ. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಜೋಡಿಸಿ, ನಿಲ್ಲಿಸಿಯೇ ಉರಿಸಬೇಕು. ಹಾಗೆ ಉರಿಸುವಾಗ ಅಡಿಯಲ್ಲಿ ಒಣಹುಲ್ಲು, ಕಾಗದ ಇರದಂತೆ ನೋಡಿಕೊಳ್ಳಬೇಕು.

ಲಿಂಪ್ ಮೋಡಿಗೆ ಡಿಪಿಎಫ್ ಒಂದೇ ಕಾರಣವಲ್ಲ ಎಂಬುದೂ ಗೊತ್ತಿರಲಿ. ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಬಿದ್ದು, ಕೀ ಆಫ್ ಮಾಡಿ ಆನ್ ಮಾಡಿದರೆ ವಾಪಸ್ ಬಂದು, ಮತ್ತೆ ಏರಿನಲ್ಲಿ ಬಿದ್ದರೆ ಅದು ಟರ್ಬೋ ಕಡೆಯ ತಕರಾರು ಇರಬಹುದು. ಇಂಟರ್‌ಕೂಲರ್ ಹೋಸ್ ಸೀಳಿದ್ದು, ಲೋಡ್ ಬಿದ್ದಾಗ ಮಾತ್ರ ಬಾಯಿಬಿಡುತ್ತಿರುತ್ತದೆ. ಮಸಿ ಕಟ್ಟಿದ ಲಿಂಪ್ ಕೀ ತಿರುಗಿಸಿದ ಮಾತ್ರಕ್ಕೆ ಬಿಟ್ಟುಹೋಗದು. ಇವೆರಡಕ್ಕೂ ನಂಟಿದೆ. ಹೋಸ್ ಸೀಳಿದರೆ ಗಾಳಿ ಸಾಲದು, ಗಾಳಿ ಸಾಲದಿದ್ದರೆ ಮಸಿ ಹೆಚ್ಚು, ಮಸಿ ಹೆಚ್ಚಾದರೆ ಡಿಪಿಎಫ್ ದೀಪ. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ತಿರುಗಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡರೂ, ನಾಜಲ್ ತೊಟ್ಟಿಕ್ಕಿದರೂ ಕತೆ ಅದೇ.

ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ಕೋಡ್ ಸಿಗುತ್ತದೆ. ಪಿ2463 ಅಂದರೆ ಮಸಿ ಹೆಚ್ಚಾಗಿದೆ. ಪಿ2453 ಅಂದರೆ ಒತ್ತಡದ ಸೆನ್ಸರ್ ಹೇಳುವುದು ನಂಬುವಂತಿಲ್ಲ. ಪಿ0299 ಟರ್ಬೋ ಒತ್ತಡ ಸಾಲದು, ಪಿ0401 ಇಜಿಆರ್ ಹರಿವು ಸಾಲದು. ಎರಡು ಮೂರು ಕೋಡ್ ಒಟ್ಟಿಗೆ ಬಂದಾಗ ಡಿಪಿಎಫ್ ಕೋಡನ್ನು ಕೊನೆಗೆ ನೋಡುವುದು ಒಳ್ಳೆಯದು. ಅದು ಸಾಮಾನ್ಯವಾಗಿ ಬೇರೆಯವರ ತಪ್ಪಿನ ಫಲ. ಕೋಡ್ ಡಿಲೀಟ್ ಮಾಡಿ ‘ಸರಿಹೋಯ್ತು ಸಾರ್’ ಎಂದು ಕಳಿಸುವುದು ರಿಪೇರಿಯಲ್ಲ.

ಕೋಡಿಗಿಂತ ನನಗೆ ಹೆಚ್ಚು ನಂಬಿಕೆ ಲೈವ್ ಡೇಟಾ ಮೇಲೆ. ಫಿಲ್ಟರಿನ ಮುಂದೆ ಹಿಂದೆ ಒಂದೊಂದು ಸಣ್ಣ ಕೊಳವೆ ಹೊರಟು ಒಂದು ಸೆನ್ಸರ್ ಸೇರುತ್ತವೆ. ಎರಡು ಕಡೆಯ ಒತ್ತಡದ ವ್ಯತ್ಯಾಸ ನೋಡಿ ಎಷ್ಟು ಮಸಿ ಕಟ್ಟಿದೆ ಅಂತ ಇಸಿಯು ಅಂದಾಜಿಸುತ್ತದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಆ ಅಂಕಿ ನೋಡಿ. ಗಾಳಿಯೇ ಹರಿಯುತ್ತಿಲ್ಲ, ಹಾಗಾಗಿ ಸೊನ್ನೆ ಇರಬೇಕು. ಸೊನ್ನೆ ಬಿಟ್ಟು ಬೇರೇನೋ ತೋರಿಸುತ್ತಿದ್ದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್. ಸೊನ್ನೆ ಸರಿಯಿದ್ದರೆ ಆ ರಬ್ಬರ್ ಕೊಳವೆಗಳನ್ನು ಬೆರಳಲ್ಲಿ ಬಾಗಿಸಿ ನೋಡಬೇಕು. ಬಿಸಿಗೆ ಒಣಗಿ ಬಿರಿದಿರುತ್ತವೆ, ಇಲ್ಲವೇ ಒಳಗೆ ಮಸಿ ಗಂಟು ಕಟ್ಟಿರುತ್ತದೆ. ಇನ್ನೊಂದು ಪುಕ್ಕಟೆ ಪರೀಕ್ಷೆ ಬೆಳಗಿನದು. ರಾತ್ರಿಯೆಲ್ಲ ನಿಂತ ಗಾಡಿಯ ಶಾಖದ ಸೆನ್ಸರ್‌ಗಳೆಲ್ಲ ಹೊರಗಿನ ಹವೆಯನ್ನೇ ಹೇಳಬೇಕು. ಉಳಿದವು 22 ಡಿಗ್ರಿ ಅನ್ನುವಾಗ ಒಂದು ಮಾತ್ರ 90 ಅಂದರೆ ಕಳ್ಳ ಸಿಕ್ಕಿದ.

ಹೆದ್ದಾರಿಯಲ್ಲಿ ಓಡಿಸಿದರೆ ಎಲ್ಲ ಸರಿ ಎಂಬ ಮಂತ್ರಕ್ಕೂ ಅಪವಾದವಿದೆ. ಆಸ್ಟ್ರೇಲಿಯಾದಲ್ಲಿ 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಮಾರಾಟವಾದ ಟೊಯೋಟಾದ ಹೈಲಕ್ಸ್, ಫಾರ್ಚುನರ್, ಪ್ರಾಡೊ ಡೀಸೆಲ್ ಗಾಡಿಗಳಲ್ಲಿ ತೊಂದರೆ ಕಾಣಿಸಿದ್ದು ತದ್ವಿರುದ್ಧವಾಗಿ. ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ನಿರಂತರ ಓಡಿಸಿದಾಗಲೇ ರೀಜನ್ ಸರಿಯಾಗಿ ಆಗುತ್ತಿರಲಿಲ್ಲ, ಬಿಳಿ ಹೊಗೆ, ದುರ್ನಾತ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಸುಮಾರು 2.64 ಲಕ್ಷ ಗಾಡಿಗಳ ವಿಚಾರದಲ್ಲಿ ದೋಷವಿದ್ದುದನ್ನು ಎತ್ತಿಹಿಡಿಯಿತು. ವಿನ್ಯಾಸವೇ ಸರಿಯಿಲ್ಲದಿದ್ದರೆ ಡ್ರೈವರ್ ಏನು ಮಾಡಿಯಾನು?

ಇನ್ನು ಬೂದಿ. ಒಲೆಯಲ್ಲಿ ಸೌದೆ ಎಷ್ಟೇ ಚೆನ್ನಾಗಿ ಉರಿದರೂ ತಳದಲ್ಲಿ ಬೂದಿ ಉಳಿಯುವ ಹಾಗೆ, ಫಿಲ್ಟರಿನಲ್ಲೂ ಮಸಿ ಹೋದ ಮೇಲೆ ಬೂದಿ ಉಳಿಯುತ್ತದೆ. ಇದು ಬರುವುದು ಹೆಚ್ಚಾಗಿ ಇಂಜಿನ್ ಆಯಿಲ್ಲಿನ ಕ್ಯಾಲ್ಸಿಯಂ, ಸತುವಿನಂಥ ಸೇರ್ಪಡೆಗಳಿಂದ. ಬಿಎಸ್-6 ಗಾಡಿಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲನ್ನೇ ಕಂಪನಿಗಳು ಸೂಚಿಸುವುದು ಇದಕ್ಕೇ. ಹಳೆಯ ಪಿಕಪ್ಪಿಗೆ ಹಾಕಿ ಮಿಕ್ಕಿದ ಲೂಸ್ ಆಯಿಲ್ಲನ್ನು ಇದಕ್ಕೂ ಸುರಿದರೆ ಫಿಲ್ಟರಿನ ಆಯುಷ್ಯ ಅಷ್ಟು ಬೇಗ ಮುಗಿಯುತ್ತದೆ. ಬೂದಿಗೆ ಯಾವ ಹೆದ್ದಾರಿ ಓಟವೂ ಮದ್ದಲ್ಲ. ಫಿಲ್ಟರ್ ಬಿಚ್ಚಬೇಕು, ಕುಲುಮೆಯಲ್ಲಿ ಕಾಯಿಸಬೇಕು, ಹಿಂದಿನಿಂದ ಗಾಳಿ ಊದಬೇಕು.

ಒಳಗಿನ ದಿಂಡನ್ನೇ ಒಡೆದು ಖಾಲಿ ಡಬ್ಬಿ ಕೂರಿಸಿ, ಇಸಿಯುವಿಗೆ ಅದು ಗೊತ್ತಾಗದಂತೆ ಸಾಫ್ಟ್‌ವೇರ್ ಮ್ಯಾಪ್ ಹಾಕಿಕೊಡುವವರೂ ಇದ್ದಾರೆ. ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಸೆಕೆಂಡ್ ಹ್ಯಾಂಡ್ ವ್ಯಾನ್ ಕೊಳ್ಳುವವರು ಸೈಲೆನ್ಸರ್ ತಣ್ಣಗಿರುವಾಗ ತುದಿಯೊಳಗೆ ಬೆರಳಾಡಿಸಿದರೆ ಸಾಕು. ಬಿಎಸ್-6 ಗಾಡಿಯಲ್ಲಿ ಬೆರಳು ಕಾಡಿಗೆಯಂತೆ ಕಪ್ಪಾದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಒಳಗೆ ಇಲ್ಲವೇ ಇಲ್ಲ.

ಕ್ಲೀನ್ ಮಾಡಿಸುವವರು ಅಂಗಡಿಯವನಿಗೆ ಒಂದು ಮಾತು ಕೇಳಬೇಕು: ಬಿಚ್ಚಿದಾಗ ತೂಕ ಎಷ್ಟಿತ್ತು, ಈಗ ಎಷ್ಟು? ಬೂದಿ ಹೋಗಿದೆಯೋ ಇಲ್ಲವೋ ಅನ್ನುವುದಕ್ಕೆ ತಕ್ಕಡಿಯಷ್ಟು ನೇರ ಸಾಕ್ಷಿ ಬೇರೆ ಇಲ್ಲ. ಮತ್ತೆ ಕೂರಿಸಿದ ಮೇಲೆ ಸ್ಕ್ಯಾನರಿನಲ್ಲಿ ಬೂದಿಯ ಲೆಕ್ಕವನ್ನು ಸೊನ್ನೆಗೆ ತರುವುದನ್ನು ಮರೆತರೆ ಹಳೆಯ ಬೂದಿ ಒಳಗೇ ಇದೆ ಅಂದುಕೊಂಡು ಇಸಿಯು ಸ್ವಲ್ಪ ದಿನಕ್ಕೇ ಅದೇ ಹಳದಿ ದೀಪ ಹಚ್ಚುತ್ತದೆ.