ಒಂದು ಪ್ರಶ್ನೆ, ಒಂದು ಹನಿ ರಕ್ತ

ಕಾಳಿ ನದಿ ಸಮುದ್ರ ಸೇರುವಲ್ಲಿ ಕಾರವಾರದ ಕೋಡಿಬಾಗವಿದೆ. ಅಲ್ಲಿಯ ಹತ್ತು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಎರಡು ವಾರಗಳಿಂದ ಅವನಿಗೆ ವಿಪರೀತ ಬಾಯಾರಿಕೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾನೆ. ಹೊಟ್ಟೆ ತುಂಬ ಉಂಡರೂ ಸೊರಗುತ್ತಿದ್ದಾನೆ. ಇಂದು ಹೊಟ್ಟೆನೋವು, ವಾಂತಿ, ಉಸಿರಾಟವೂ ಜೋರಾಗಿದೆ. ಆಸ್ಪತ್ರೆಯಲ್ಲಿ ಅವನನ್ನು ಮೊದಲು ನೋಡುವವರು ಈಗಷ್ಟೇ ಪರೀಕ್ಷೆ ಮುಗಿಸಿದ ಹೌಸ್ ಸರ್ಜನ್. ಅವರು ಹೊಟ್ಟೆನೋವಿಗಷ್ಟೇ ಮಾತ್ರೆ ಕೊಟ್ಟು ಕಳುಹಿಸಿದರೆ ಏನಾಗುತ್ತದೆ? ಹುಡುಗನ ಪ್ರಾಣಕ್ಕೇ ಅಪಾಯ!

ಮಕ್ಕಳಿಗೂ ಸಕ್ಕರೆ ಕಾಯಿಲೆಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 1 ಮಧುಮೇಹ. ಇದು ಸಿಹಿ ತಿಂದು ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಇನ್ಸುಲಿನ್ ಇಲ್ಲದೆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ದೇಹವು ಕೊಬ್ಬನ್ನು ಕರಗಿಸತೊಡಗಿ, ಕೀಟೋನ್ ಎಂಬ ಆಮ್ಲಗಳು ಹೆಚ್ಚುತ್ತವೆ. ಆ ಜೋರು ಉಸಿರಾಟಕ್ಕೆ ಇದೇ ಕಾರಣ. ಅದನ್ನು ನ್ಯುಮೋನಿಯಾ ಎಂದು ಭಾವಿಸುವುದು ಸುಲಭ.

1922ರ ಜನವರಿಗೆ ಮೊದಲು ಇಂಥ ಮಗು ಉಳಿಯುತ್ತಿರಲಿಲ್ಲ. ಆ ತಿಂಗಳು ಕೆನಡಾದ ಟೊರಾಂಟೊದಲ್ಲಿ ಬಾಲಕ ಲಿಯೊನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ ಚುಚ್ಚಲಾಯಿತು. ಅವನು ಮತ್ತೆ 13 ವರ್ಷ ಬದುಕಿದ. ಇಂದು ಔಷಧವಿದೆ; ರೋಗವನ್ನು ತಕ್ಷಣ ಗುರುತಿಸುವ ವೈದ್ಯರು ಬೇಕು.

ಹಾಗಾದರೆ ಕಲಿಯುವ ವೈದ್ಯರಿಗೆ ಏನು ಕಲಿಸಬೇಕು? ದೇಶದ ವೈದ್ಯಕೀಯ ಕಾಲೇಜುಗಳಲ್ಲಿ 2019ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಾನವಿದೆ. ಮಕ್ಕಳ ರಕ್ತದ ಸಕ್ಕರೆಯ ವರದಿಯನ್ನು ಓದುವುದು, ಮೂತ್ರದಲ್ಲಿ ಪಟ್ಟಿ ಅದ್ದಿ ಸಕ್ಕರೆ ಪರೀಕ್ಷಿಸುವುದು ವಿದ್ಯಾರ್ಥಿಗೆ ಬರಲೇಬೇಕು. ಕಾರವಾರದಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಉನ್ನತ ಚಿಕಿತ್ಸೆಗೆ ಹುಬ್ಬಳ್ಳಿ, ಮಂಗಳೂರು ಅಥವಾ ಗೋವಾಕ್ಕೆ ಹೋಗಬೇಕಾಗುವ ಈ ಜಿಲ್ಲೆಯಲ್ಲಿ ಮೊದಲು ನೋಡುವ ವೈದ್ಯರ ಕಲಿಕೆ ಎಷ್ಟು ಮುಖ್ಯ, ಯೋಚಿಸಿ.

ಮೊದಲ ಪಾಠ: "ರಾತ್ರಿ ಎಷ್ಟು ಸಲ ಏಳುತ್ತಾನೆ?" ಎಂದು ತಾಯಿಯನ್ನು ಕೇಳುವುದು, ಒಂದು ಹನಿ ರಕ್ತವನ್ನು ಗ್ಲೂಕೋಮೀಟರಿಗೆ ಹಾಕುವುದು. ಇಂಥ ಲಕ್ಷಣಗಳ ಜೊತೆ 200 ಮಿಲಿಗ್ರಾಂ ಅಥವಾ ಹೆಚ್ಚು ಇದ್ದರೆ ಅದು ಮಧುಮೇಹವೇ.

ಎರಡನೆಯದು ಆತುರಪಡದಿರುವುದು. ಕೀಟೋನ್ ಏರಿದ ಮಗುವಿಗೆ ಮೊದಲು ರಕ್ತನಾಳದ ಮೂಲಕ ಲವಣದ ದ್ರವ. ಸುಮಾರು ಒಂದು ತಾಸಿನ ಬಳಿಕ ಇನ್ಸುಲಿನ್, ತೂಕ ನೋಡಿ ಸ್ವಲ್ಪ ಸ್ವಲ್ಪವಾಗಿ. ಚಿಕಿತ್ಸೆಯ ವೇಳೆ ಮಿದುಳು ಊದಿಕೊಳ್ಳುವ ಅಪಾಯವಿರುವುದರಿಂದ ಮಗುವಿನ ಎಚ್ಚರವನ್ನು ತಾಸು ತಾಸಿಗೂ ನೋಡುತ್ತಿರಬೇಕು.

ಮೂರನೆಯದು ಲೆಕ್ಕ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ ಇದೆ, 100 ಯೂನಿಟ್‌ನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮಗುವಿಗೆ ಹೋಗುವುದು 25 ಯೂನಿಟ್!

ನಾಲ್ಕನೆಯ ಪಾಠವೇ ಕಠಿಣ: ವೈದ್ಯರೇ ಶಿಕ್ಷಕರಾಗಬೇಕು. ದಿನವೂ ಚುಚ್ಚಬೇಕಾದವರು ತಾಯಿತಂದೆ. ಕೋಡಿಬಾಗದ ಮನೆಯಲ್ಲಿ ಕೊಂಕಣಿ ಮಾತಿರಬಹುದು, ಊಟಕ್ಕೆ ಕುಚ್ಚಲಕ್ಕಿ ಅನ್ನ, ಮೀನುಸಾರು. "ಅನ್ನ ಬಿಡಿ" ಎಂದರೆ ಸಾಲದು. ಎಷ್ಟು ಅನ್ನಕ್ಕೆ ಎಷ್ಟು ಇನ್ಸುಲಿನ್ ಎಂದು ತಿಳಿಸಬೇಕು. ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯ ತಂಪು ಸಾಕೆಂದು ತೋರಿಸಬೇಕು.

ಇನ್ನು ನಿಮ್ಮ ಪಾಲು. ಇನ್ಸುಲಿನ್ ತೆಗೆದುಕೊಳ್ಳುವ ಸಹಪಾಠಿ ನಡುಗಿದರೆ, ಬೆವರಿದರೆ ಮೂರು ಚಮಚ ಸಕ್ಕರೆ ಕೊಡಿ, ಗುರುಗಳಿಗೆ ತಿಳಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಕೂಡಲೇ ಆಸ್ಪತ್ರೆಗೆ ಸೇರಿಸಿ. ಅವನ ಕಾಯಿಲೆ ಅಂಟುವುದಿಲ್ಲ. ಆಟಕ್ಕೆ ಅವನನ್ನೂ ಕರೆಯಿರಿ. ನಾಳೆ ನಿಮ್ಮಲ್ಲೇ ಯಾರಾದರೂ ವೈದ್ಯರಾದರೆ, ಸೊರಗಿದ ಮಗು ಎದುರಿಗೆ ಬಂದಾಗ ಆ ಒಂದು ಪ್ರಶ್ನೆಯನ್ನು ಕೇಳಲು ಮರೆಯಬೇಡಿ.